ರಿದ್ದಾ ಯುದ್ಧಗಳನ್ನು ಒಂದೇ ಗಂಟಿಗೆ ಕಟ್ಟಬೇಡಿ

ಸಂಪಾದಕರೇ,

ಹೋದ ಭಾನುವಾರದ ಪುರವಣಿಯಲ್ಲಿ ಇಸ್ಲಾಮಿನ ಮೊದಲ ದಿನಗಳ ಬಗ್ಗೆ ಬಂದ ಲೇಖನ ಓದಿದೆ. ಇಂಥ ವಿಷಯಕ್ಕೆ ಕನ್ನಡ ಪತ್ರಿಕೆಯೊಂದು ಅಷ್ಟು ಜಾಗ ಕೊಟ್ಟಿದ್ದೇ ಖುಷಿ. ಆದರೆ ರಿದ್ದಾ (ಅರಬಿಯಲ್ಲಿ ಧರ್ಮ ಬಿಟ್ಟು ಹೋಗುವುದು) ಯುದ್ಧಗಳ ಭಾಗ ಮಾತ್ರ ಸರಿ ಬರಲಿಲ್ಲ. ಪ್ರವಾದಿ ತೀರಿಕೊಂಡ ಕೂಡಲೇ ಇಡೀ ಅರೇಬಿಯಾ ಇಸ್ಲಾಂ ಬಿಟ್ಟಿತು, ಅವರ ಉತ್ತರಾಧಿಕಾರಿಯಾದ ಖಲೀಫ ಅಬೂಬಕರ್ ಕತ್ತಿ ಹಿಡಿದು ಎಲ್ಲರನ್ನೂ ವಾಪಸ್ ತಂದರು, ಧರ್ಮ ಬಿಟ್ಟವನಿಗೆ ಮರಣದಂಡನೆ ಎಂಬ ನಿಯಮ ಹುಟ್ಟಿದ್ದೇ ಅಲ್ಲಿ ಅಂತ ಮೂರು ಮಾತಲ್ಲಿ ಮುಗಿಸಿಬಿಟ್ಟಿದ್ದೀರಿ. ಮೂರಕ್ಕೂ ನನ್ನ ತಕರಾರಿದೆ.

ಇದರ ಉಲ್ಟಾ ವಾದವೂ ವಾಟ್ಸಾಪಿನಲ್ಲಿ ಓಡಾಡುತ್ತಿರುತ್ತದೆ. ಅದು ಬರೀ ತೆರಿಗೆ ಗಲಾಟೆ, ಧರ್ಮಕ್ಕೂ ಅದಕ್ಕೂ ಸಂಬಂಧವೇ ಇಲ್ಲ ಅಂತ. ಅದನ್ನೂ ನಾನು ಒಪ್ಪುವುದಿಲ್ಲ. ನನ್ನ ಮಾತು ಇಷ್ಟೇ: 632 ಮತ್ತು 633ರಲ್ಲಿ ಅಲ್ಲಿ ಒಂದಲ್ಲ, ನಾಲ್ಕೈದು ಬೇರೆ ಬೇರೆ ಜಗಳ ನಡೆದವು. ಎಲ್ಲವನ್ನೂ "ಧರ್ಮ ಬಿಟ್ಟವರು" ಎಂಬ ಒಂದೇ ಗಂಟಿಗೆ ಕಟ್ಟಿದರೆ ಯಾರು ಯಾಕೆ ಹೊಡೆದಾಡಿದರು ಅಂತ ಗೊತ್ತಾಗುವುದೇ ಇಲ್ಲ.

ಮೊದಲು "ಇಡೀ ಅರೇಬಿಯಾ" ವಿಷಯ. ಪ್ರವಾದಿ ಮುಹಮ್ಮದರು ಮದೀನಾದಲ್ಲಿ ತೀರಿಕೊಂಡಿದ್ದು 632ರ ಜೂನ್‌ನಲ್ಲಿ. ಮಕ್ಕಾ ಅವರ ಕೈಗೆ ಬಂದಿದ್ದು 630ರಲ್ಲಿ. ಅಂದರೆ ನಡುವೆ ಎರಡೂವರೆ ವರ್ಷ. ಅರೇಬಿಯಾದ ಹೆಚ್ಚಿನ ಬುಡಕಟ್ಟುಗಳ ಮುಖಂಡರು ಮದೀನಾಕ್ಕೆ ಬಂದು ಕೈ ಮೇಲೆ ಕೈ ಇಟ್ಟು ಮಾತು ಕೊಟ್ಟಿದ್ದು ಈ ಸಣ್ಣ ಅವಧಿಯಲ್ಲೇ. ಮುಖಂಡ ಮಾತು ಕೊಟ್ಟರೆ ಕುಲವೇ ಕೊಟ್ಟ ಹಾಗೆ. ಮರುಭೂಮಿಯ ರೂಢಿಯಲ್ಲಿ ಇಂಥ ಒಪ್ಪಂದ ಇಬ್ಬರು ಮನುಷ್ಯರ ನಡುವಿನದ್ದು, ಒಬ್ಬ ಸತ್ತರೆ ಅದೂ ಮುಗಿಯಿತು ಅಂತ ಎಷ್ಟೋ ಜನ ತಿಳಿದಿದ್ದರು. ಈ ಅಲೆಮಾರಿ ಅರಬರ ಬಗ್ಗೆ ಕುರ್‌ಆನಿನ 49ನೇ ಅಧ್ಯಾಯದಲ್ಲೇ ಒಂದು ಮಾತಿದೆ: ನೀವಿನ್ನೂ ನಂಬಿಲ್ಲ, ಶರಣಾಗಿದ್ದೇವೆ ಅಂತಷ್ಟೇ ಹೇಳಿ, ನಂಬಿಕೆ ಇನ್ನೂ ನಿಮ್ಮ ಮನಸ್ಸಿಗೆ ಇಳಿದಿಲ್ಲ. ಹೀಗಿರುವಾಗ 632ರಲ್ಲಿ ಇವರೆಲ್ಲ ಧರ್ಮ "ಬಿಟ್ಟರು" ಅನ್ನುವ ಮೊದಲು ಹಿಡಿದಿದ್ದು ಎಷ್ಟು ಅಂತಲೂ ಕೇಳಬೇಕಲ್ವಾ?

ಇನ್ನು ಬಿಡದೇ ಇದ್ದವರೂ ಬೇಕಾದಷ್ಟು ಜನ ಇದ್ದರು. ಮದೀನಾ ಗಟ್ಟಿಯಾಗಿ ನಿಂತಿತು. ಮಕ್ಕಾ ನಿಂತಿತು. ಅಲ್ಲಿ ಸ್ವಲ್ಪ ಗುಸುಗುಸು ಶುರುವಾದಾಗ ಜನರನ್ನು ತಡೆದು ನಿಲ್ಲಿಸಿದ್ದು ಸುಹೈಲ್ ಬಿನ್ ಅಮ್ರ್ ಅಂತೆ. ಕೆಲವೇ ವರ್ಷ ಹಿಂದೆ ಹುದೈಬಿಯಾದ ಸಂಧಿ ಮಾತುಕತೆಯಲ್ಲಿ ಕುರೈಶರ (ಮಕ್ಕಾದ ಮುಖ್ಯ ಕುಲ, ಪ್ರವಾದಿಯದ್ದೂ ಅದೇ) ಪರವಾಗಿ ಕೂತು ಪ್ರವಾದಿಯ ಜೊತೆ ಚೌಕಾಸಿ ಮಾಡಿದ್ದ ಅದೇ ಸುಹೈಲ್. ತಾಯಿಫ್ ಎಲ್ಲರಿಗಿಂತ ತಡವಾಗಿ ಬಂದ ಊರು, ಅದೂ ಅಲುಗಾಡಲಿಲ್ಲ. ಬಹ್ರೈನ್ (ಆಗ ಅರೇಬಿಯಾದ ಪೂರ್ವ ಕರಾವಳಿಗೆ ಇದ್ದ ಹೆಸರು) ಕಡೆ ಅಬ್ದುಲ್ ಕೈಸ್ ಕುಲದ ದೊಡ್ಡ ಭಾಗ ಅಲ್ ಜಾರೂದ್ ಮಾತು ಕೇಳಿ ಮದೀನಾ ಜೊತೆಗೇ ಉಳಿಯಿತು. ತಯ್ಯಿ ಕುಲದವರು ಅತ್ತಿತ್ತ ನೋಡುತ್ತಿದ್ದಾಗ ಅದಿಯ್ ಬಿನ್ ಹಾತಿಂ (ದಾನಕ್ಕೆ ಹೆಸರಾದ ಹಾತಿಂ ತಾಯಿಯ ಮಗ) ಮದೀನಾದ ದಂಡನಾಯಕ ಖಾಲಿದ್ ಬಿನ್ ವಲೀದ್ ಹತ್ತಿರ 3 ದಿನ ಗಡುವು ಕೇಳಿ, ತನ್ನ ಜನರ ಜೊತೆ ಮಾತಾಡಿ, ಅವರನ್ನು ಕರೆದುಕೊಂಡೇ ಬಂದ. ಅಲ್ಲಿ ಕತ್ತಿ ಬೇಕಾಗಲೇ ಇಲ್ಲ. ಇಂಥದ್ದೆಲ್ಲ ನಿಮ್ಮ ಲೇಖನದಲ್ಲಿ ಎಲ್ಲಿ?

ಎರಡನೆಯದು ಝಕಾತ್, ಅಂದರೆ ಮುಸ್ಲಿಮರು ತಮ್ಮ ಆಸ್ತಿಯಲ್ಲಿ ಕಡ್ಡಾಯವಾಗಿ ಕೊಡಬೇಕಾದ ಪಾಲು. ಮದೀನಾ ಸುತ್ತಮುತ್ತಲಿನ ಅಬ್ಸ್, ದುಬ್ಯಾನ್ ಮುಂತಾದ ಕುಲಗಳು ನಿಯೋಗ ಕಳಿಸಿದವು. ಅವರ ಬೇಡಿಕೆ ಸ್ಪಷ್ಟವಾಗಿತ್ತು. ನಮಾಜು ಮಾಡುತ್ತೇವೆ, ಝಕಾತ್ ಮಾತ್ರ ಕೊಡುವುದಿಲ್ಲ. ಮೊತ್ತ ಅಂಥ ದೊಡ್ಡದೇನಲ್ಲ. 40 ಆಡು ಕುರಿ ಇದ್ದವನು ಒಂದು ಕೊಡಬೇಕು. 5 ಒಂಟೆ ಇದ್ದರೆ ಒಂದು ಕುರಿ. 25 ಆದರೆ ಒಂದು ವರ್ಷ ದಾಟಿದ ಹೆಣ್ಣು ಒಂಟೆ ಮರಿ. ಹೊಟ್ಟೆಗೆ ಬೀಳುವ ಏಟಿಗಿಂತ ಮಾನಕ್ಕೆ ಬೀಳುವ ಏಟು ದೊಡ್ಡದಾಗಿತ್ತು. ಒಂದು ಕುಲ ಇನ್ನೊಂದು ಕುಲಕ್ಕೆ ಪ್ರಾಣಿ ಹೊಡೆದುಕೊಂಡು ಹೋಗಿ ಕೊಡುತ್ತದೆ ಅಂದರೆ ಅದು ಕಪ್ಪ, ಸೋತವರು ಕೊಡುವಂಥದ್ದು. ಪ್ರವಾದಿಗೆ ಕೊಟ್ಟಾಗ ಅದು ದೇವರಿಗೆ ಕೊಟ್ಟ ಹಾಗೆ ಅಂದುಕೊಂಡು ಸುಮ್ಮನಿದ್ದರು. ಅಬೂಬಕರ್ ಯಾರು? ಕುರೈಶರಲ್ಲಿ ಒಬ್ಬ ಬಟ್ಟೆ ವ್ಯಾಪಾರಿ. ದೇವರ ದೂತ ನಮ್ಮ ನಡುವೆ ಇರುವವರೆಗೆ ಮಾತು ಕೇಳಿದೆವು, ಈ ಅಬೂಬಕರ್‌ಗೂ ನಮಗೂ ಏನು ಅಂತ ಆ ಕಡೆಯ ಒಬ್ಬ ಕವಿ ಹಾಡಿಯೇ ಬಿಟ್ಟ. ಈ ಸಿಟ್ಟಿನಲ್ಲಿ ದೇವರ ವಿರುದ್ಧ ಒಂದು ಮಾತೂ ಇಲ್ಲ, ಗಮನಿಸಿ.

ಇಲ್ಲಿ ಮದೀನಾದ ಒಳಗೇ ಭಿನ್ನಾಭಿಪ್ರಾಯ ಬಂತು. ದೇವರೊಬ್ಬನೇ ಅಂತ ಹೇಳುವವರ ಮೇಲೆ ಹೇಗೆ ಯುದ್ಧ ಮಾಡುತ್ತೀರಿ ಅಂತ ಕೇಳಿದ್ದು ಬೇರೆ ಯಾರೂ ಅಲ್ಲ, ಪ್ರವಾದಿಯ ಆಪ್ತರಲ್ಲೊಬ್ಬರಾದ, ಮುಂದೆ ಖಲೀಫರಾದ ಉಮರ್. ಮುಂಗೋಪಕ್ಕೆ ಹೆಸರಾದ ಉಮರ್ ತಾಳ್ಮೆ ಹೇಳಿದರು, ಮೆದು ಮನಸ್ಸಿನವರು ಅಂತ ಎಲ್ಲರೂ ಹೇಳುವ ಅಬೂಬಕರ್ ಹಟ ಹಿಡಿದರು. ನಮಾಜು ಬೇರೆ ಝಕಾತ್ ಬೇರೆ ಅನ್ನುವವರ ಜೊತೆ ಹೋರಾಡುತ್ತೇನೆ, ಪ್ರವಾದಿಗೆ ಕೊಡುತ್ತಿದ್ದ ಒಂಟೆಯ ಕಾಲು ಕಟ್ಟುವ ಹಗ್ಗ ಒಂದನ್ನು ಹಿಡಿದಿಟ್ಟರೂ ಬಿಡುವುದಿಲ್ಲ ಅಂದರು. ಇನ್ನೊಂದು ವರದಿಯಲ್ಲಿ ಹಗ್ಗದ ಬದಲು ಆಡಿನ ಮರಿ ಅಂತಿದೆ. ಏನೇ ಇರಲಿ, ಖಲೀಫರ ಮಟ್ಟಿಗೆ ಇದು ನಂಬಿಕೆಯ ಪ್ರಶ್ನೆಯೂ ಹೌದು, ಸರ್ಕಾರ ಉಳಿಯುವ ಪ್ರಶ್ನೆಯೂ ಹೌದು. ಇವೆರಡನ್ನು ಬೇರೆ ಮಾಡುವ ಅಭ್ಯಾಸ ಆ ಕಾಲದಲ್ಲಿ ಯಾರಿಗೂ ಇರಲಿಲ್ಲ. ಅದಕ್ಕೇ "ಬರೀ ತೆರಿಗೆ" ಅನ್ನುವವರ ವಾದ ನನಗೆ ರುಚಿಸುವುದಿಲ್ಲ.

ಆಗ ಮದೀನಾ ಎಷ್ಟು ಇಕ್ಕಟ್ಟಿನಲ್ಲಿತ್ತು ಅಂತಲೂ ನೋಡಿ. ಉಸಾಮಾ ಬಿನ್ ಝೈದ್ ಎಂಬ ಚಿಕ್ಕ ವಯಸ್ಸಿನ ದಂಡನಾಯಕನ ಕೈಕೆಳಗೆ ಇದ್ದ ಪಡೆಯೆಲ್ಲ ಸಿರಿಯಾ ಗಡಿಗೆ ಹೋಗಿತ್ತು. ಈಗ ಕಳಿಸಬೇಡಿ ಅಂತ ಜನ ಹೇಳಿದರೂ ಅಬೂಬಕರ್ ಕೇಳಿರಲಿಲ್ಲ, ಪ್ರವಾದಿ ನೇಮಿಸಿದ ದಂಡಯಾತ್ರೆ ನಿಲ್ಲಿಸಲಾರೆ ಅಂದಿದ್ದರು. ನಿಯೋಗದವರು ವಾಪಸ್ ಹೋಗಿ ಊರಲ್ಲಿ ಜನ ಕಡಿಮೆ ಇದ್ದಾರೆ ಅಂತ ಸುದ್ದಿ ಮುಟ್ಟಿಸಿದರು. ಮೂರು ರಾತ್ರಿ ಕಳೆಯುವುದರೊಳಗೆ ದಾಳಿ ಆಯಿತು. ಮದೀನಾದವರು ನೀರು ಹೊರುವ ಒಂಟೆಗಳ ಮೇಲೇ ಹತ್ತಿ ಅಟ್ಟಿಸಿಕೊಂಡು ಹೋದರು. ಆ ಕಡೆಯವರು ಮಾಡಿದ ಉಪಾಯ ಓದಿದರೆ ಈಗಲೂ ನಗು ಬರುತ್ತದೆ. ಚರ್ಮದ ನೀರಿನ ಚೀಲಗಳಿಗೆ ಗಾಳಿ ಊದಿ, ಹಗ್ಗ ಕಟ್ಟಿ, ಒಂಟೆಗಳ ಮುಖದ ಮುಂದೆ ಕಾಲಲ್ಲಿ ಉರುಳಿಸಿಬಿಟ್ಟರು. ಯುದ್ಧ ಕಂಡಿರದ ಒಂಟೆಗಳು ಬೆದರಿ, ಸವಾರರ ಹಿಡಿತಕ್ಕೆ ಸಿಗದೆ, ಸೀದಾ ಮದೀನಾಕ್ಕೆ ಓಡಿ ಬಂದವು! ಅಬೂಬಕರ್ ಅದೇ ರಾತ್ರಿ ಮತ್ತೆ ಜನ ಸೇರಿಸಿ ಕಾಲ್ನಡಿಗೆಯಲ್ಲಿ ಹೊರಟು ಬೆಳಗಿನ ಜಾವ ಅವರ ಮೇಲೆ ಬಿದ್ದರು. ಇದಾದ ಮೇಲೆ ಉಸಾಮಾ ವಾಪಸ್ ಬಂದಿದ್ದು, ದುಲ್ ಕಸ್ಸಾ ಎಂಬಲ್ಲಿ 11 ಬಾವುಟ ಕಟ್ಟಿ 11 ದಂಡು ಕಳಿಸಿದ್ದು, ಇವೆಲ್ಲ ನಿಮ್ಮ ಲೇಖನದಲ್ಲಿ ಬಂದಿವೆ. ಆ 11ರ ಲೆಕ್ಕ ಸೈಫ್ ಬಿನ್ ಉಮರ್ ಎಂಬ ಕೂಫಾದ ವರದಿಗಾರನದ್ದು. ಹದೀಸ್ (ಪ್ರವಾದಿಯ ನಡೆನುಡಿಯ ವರದಿಗಳು) ವಿದ್ವಾಂಸರು ಅವನ ಮಾತನ್ನು ಅಷ್ಟಾಗಿ ನಂಬುವುದಿಲ್ಲ ಅಂತ ಒಂದು ಸಾಲು ಸೇರಿಸಬಹುದಿತ್ತು.

ಮೂರನೆಯ ಗುಂಪು ಹೊಸ ಪ್ರವಾದಿಗಳದ್ದು. ಇಲ್ಲಿ ಧರ್ಮದ ಜಗಳ ಇತ್ತು, ಒಪ್ಪುತ್ತೇನೆ. ಆದರೆ ಅದರೊಳಗೂ ಕುಲದ ಅಭಿಮಾನ ಎಷ್ಟು ಜೋರಾಗಿತ್ತು ನೋಡಿ. ನಡು ಅರೇಬಿಯಾದ ಯಮಾಮಾದ ಬನೂ ಹನೀಫಾ ಕುಲದ ಮುಸೈಲಿಮಾ ಪ್ರವಾದಿ ಬದುಕಿದ್ದಾಗಲೇ ಪತ್ರ ಬರೆದಿದ್ದ. ಭೂಮಿ ಅರ್ಧ ನಮ್ಮದು, ಅರ್ಧ ಕುರೈಶರದ್ದು ಅಂತ. ಭೂಮಿ ದೇವರದ್ದು, ತನಗೆ ಬೇಕಾದವರಿಗೆ ಕೊಡುತ್ತಾನೆ ಅಂತ ಉತ್ತರ ಹೋಯಿತು. ಮುಸೈಲಿಮಾ ಹತ್ತಿರ ಬಂದ ತಲ್ಹಾ ಎಂಬ ಒಬ್ಬ ಅವನನ್ನು ಮಾತಾಡಿಸಿ ನೋಡಿ ಹೇಳಿದ್ದು ನನಗೆ ಈ ಇಡೀ ಪ್ರಕರಣದಲ್ಲೇ ಅತ್ಯಂತ ಪ್ರಾಮಾಣಿಕ ಮಾತು ಅನಿಸುತ್ತದೆ: ನೀನು ಸುಳ್ಳ, ಮುಹಮ್ಮದ್ ಸತ್ಯವಂತ, ಆದರೂ ಮುದರ್‌ನ ಸತ್ಯವಂತನಿಗಿಂತ ನಮಗೆ ರಬೀಆದ ಸುಳ್ಳನೇ ಇಷ್ಟ. ರಬೀಆ ಮತ್ತು ಮುದರ್ ಅಂದರೆ ಉತ್ತರ ಅರಬರ ಎರಡು ದೊಡ್ಡ ವಂಶಗಳು. ಸುಳ್ಳ ಅಂತ ಗೊತ್ತಿದ್ದೂ ನಮ್ಮವನು ಅಂತ ಬೆನ್ನಿಗೆ ನಿಲ್ಲುವುದು. ಇದನ್ನು ಯಾವ ನಂಬಿಕೆಯ ಲೆಕ್ಕಕ್ಕೆ ಬರೆಯುತ್ತೀರಿ? ಅದೇ ಬನೂ ಹನೀಫಾದಲ್ಲಿ ಸುಮಾಮಾ ಬಿನ್ ಉಸಾಲ್ ಎಂಬ ಮುಖಂಡನೂ ಇದ್ದ. ಒಂದು ಕಾಲದಲ್ಲಿ ಯಮಾಮಾದಿಂದ ಮಕ್ಕಾಕ್ಕೆ ಹೋಗುವ ಧಾನ್ಯವನ್ನೇ ತಡೆಹಿಡಿದವನು. ಅವನು ಮುಸೈಲಿಮಾನ ಕಡೆ ಹೋಗಲಿಲ್ಲ, ಮದೀನಾ ಪರ ನಿಂತ.

ಬನೂ ಅಸದ್ ಕುಲದ ತುಲೈಹಾ ಕಥೆಯೂ ಹಾಗೇ. ಬುಝಾಖಾ ಎಂಬಲ್ಲಿ ಖಾಲಿದ್ ಪಡೆಯ ಜೊತೆ ಕಾಳಗ. ತುಲೈಹಾ ಕಂಬಳಿ ಹೊದ್ದು ಡೇರೆಯ ಹತ್ತಿರ ಕೂತಿದ್ದಾನೆ, ದೇವದೂತ ಜಿಬ್ರೀಲ್‌ಗೆ ಕಾಯುತ್ತಾ. ಹೊರಗೆ ಫಝಾರಾ ಕುಲದ ಉಯೈನಾ ಬಿನ್ ಹಿಸ್ನ್ ತನ್ನ 700 ಜನರ ಜೊತೆ ಹೊಡೆದಾಡುತ್ತಿದ್ದಾನೆ. ಏಟು ಬಿದ್ದಾಗ ಓಡಿ ಬಂದು ಕೇಳುತ್ತಾನೆ, ಜಿಬ್ರೀಲ್ ಬಂದನಾ? ಇಲ್ಲ. ಮತ್ತೆ ಹೋಗಿ ಹೊಡೆದಾಡಿ ಬಂದು ಕೇಳುತ್ತಾನೆ. ಇನ್ನೂ ಇಲ್ಲ. ಮೂರನೇ ಸಲ ಬಂದಾಗ ತುಲೈಹಾ ಅರ್ಥವಾಗದ ಏನೋ ಒಂದು ಪ್ರಾಸದ ಮಾತು ಹೇಳಿದ. ಉಯೈನಾ ತನ್ನವರ ಕಡೆ ತಿರುಗಿ, ಇವನು ಸುಳ್ಳ, ನಡೀರಿ ಮನೆಗೆ ಅಂದ. ಎಲ್ಲರೂ ಹೊರಟೇ ಹೋದರು. ತುಲೈಹಾ ಕುದುರೆ ಹತ್ತಿ ಹೆಂಡತಿಯನ್ನು ಕರೆದುಕೊಂಡು ಸಿರಿಯಾಕ್ಕೆ ಓಡಿದ.

ತಮೀಮ್ ಕುಲದ ಸಜಾಹ್ ಎಂಬ ಹೆಂಗಸು ಮೆಸಪಟೋಮಿಯಾದ ತಗ್ಲಿಬ್ ಕ್ರೈಸ್ತರ ನಡುವೆ ಬೆಳೆದವಳು. ಅವಳೂ ತಾನು ಪ್ರವಾದಿ ಅಂತ ಹೇಳಿಕೊಂಡು ದಂಡು ಕಟ್ಟಿದಳು. ಅವಳು ಇಸ್ಲಾಮಿನಲ್ಲೇ ಇರಲಿಲ್ಲ, ಇನ್ನು ಬಿಡುವುದೆಲ್ಲಿಂದ ಬಂತು? ಯೆಮೆನಿನಲ್ಲಿ ಸನಾ ನಗರ ಹಿಡಿದ ಅಸ್ವದ್ ಅನ್ಸಿಯ ಸಿಟ್ಟು ಮುಖ್ಯವಾಗಿ ಅಲ್ಲಿ ನೆಲೆಸಿದ್ದ ಪರ್ಷಿಯನ್ ಮೂಲದ ಅಬ್ನಾ ಜನರ ಮೇಲಿತ್ತು. ಅವನನ್ನು ಕೊಂದಿದ್ದೂ ಅಬ್ನಾ ಗುಂಪಿನ ಫೈರೂಝ್. ಒಳಗಿನಿಂದ ನೆರವಾದವಳು ಅಸ್ವದ್ ಬಲವಂತವಾಗಿ ಮದುವೆಯಾಗಿದ್ದ ಹೆಂಗಸು, ಅವನೇ ಕೊಂದಿದ್ದ ಪರ್ಷಿಯನ್ ಅಧಿಕಾರಿಯ ವಿಧವೆ. ಅದೂ ಪ್ರವಾದಿ ತೀರಿಕೊಳ್ಳುವ ಸ್ವಲ್ಪ ಮುಂಚೆಯೇ ಆಗಿಹೋಗಿತ್ತು. ಅಂದರೆ ಪ್ರವಾದಿ ಸಾವಿನ ನಂತರ ಶುರುವಾಯಿತು ಅನ್ನುವುದೂ ಪೂರ್ತಿ ಸರಿಯಲ್ಲ.

ಈಗ ಮಾಲಿಕ್ ಬಿನ್ ನುವೈರಾ ವಿಷಯಕ್ಕೆ ಬರುತ್ತೇನೆ. ನಿಮ್ಮ ಲೇಖನದಲ್ಲಿ ಈ ಹೆಸರೇ ಇಲ್ಲ. ನನ್ನನ್ನು ಕೇಳಿದರೆ ಇವನೊಬ್ಬನ ಬಗ್ಗೆ ಬರೆದಿದ್ದರೂ ಸಾಕಿತ್ತು.

ಮಾಲಿಕ್ ತಮೀಮ್‌ನ ಯರ್ಬೂ ಶಾಖೆಯ ಮುಖಂಡ, ಕವಿ, ಕುದುರೆ ಸವಾರ. ತನ್ನ ಜನರಿಂದ ಝಕಾತ್ ವಸೂಲಿ ಮಾಡಲು ಪ್ರವಾದಿಯೇ ಅವನನ್ನು ನೇಮಿಸಿದ್ದರು. ಪ್ರವಾದಿ ತೀರಿಕೊಂಡ ಸುದ್ದಿ ಬಂದಾಗ ಅವನ ಹತ್ತಿರ ವಸೂಲಿಯಾದ ಒಂಟೆಗಳಿದ್ದವು. ಅವನ್ನು ಮದೀನಾಕ್ಕೆ ಕಳಿಸಲಿಲ್ಲ, ಯಾರದ್ದೋ ಅವರಿಗೇ ವಾಪಸ್ ಕೊಟ್ಟ. ಸಜಾಹ್ ಬಂದಾಗ ಅವಳ ಜೊತೆಗೂ ಒಂದು ಒಪ್ಪಂದ ಮಾಡಿಕೊಂಡ. ಖಾಲಿದ್ ದಂಡು ಅಲ್ ಬುತಾಹ್ ತಲುಪಿದಾಗ ಎದುರಿಗೆ ಸೈನ್ಯವೇ ಇರಲಿಲ್ಲ. ಹೊಡೆದಾಡಬೇಡಿ, ನಿಮ್ಮ ನಿಮ್ಮ ಕಡೆ ಹೋಗಿ ಅಂತ ಮಾಲಿಕ್ ತನ್ನವರಿಗೆ ಹೇಳಿ ಆಗಿತ್ತು. ಅವನೂ ಜೊತೆಯವರೂ ಸೆರೆ ಸಿಕ್ಕರು. ಇವರು ಬಾಂಗ್ ಕೂಗಿದರು, ನಮ್ಮ ಜೊತೆ ನಮಾಜು ಮಾಡಿದರು ಅಂತ ಖಾಲಿದ್ ಪಡೆಯಲ್ಲೇ ಇದ್ದ ಅಬೂ ಕತಾದಾ ಎಂಬ ಹಿರಿಯ ಸಹಾಬಿ (ಪ್ರವಾದಿಯ ಸಂಗಾತಿ) ಸಾಕ್ಷಿ ಹೇಳಿದರು. ಉಳಿದ ಕೆಲವರು ಇಲ್ಲ ಅಂದರು. ರಾತ್ರಿ ಮಾಲಿಕ್‌ನ ಕೊಲೆಯಾಯಿತು. ಚಳಿ ಜಾಸ್ತಿ ಇತ್ತು, ಸೆರೆಯವರನ್ನು ಬೆಚ್ಚಗಿಡಿ ಅಂತ ಖಾಲಿದ್ ಹೇಳಿದ್ದನ್ನು ಕಾವಲಿನವರು ಕೊಲ್ಲಿ ಅಂತ ತಿಳಿದರು ಅನ್ನುವುದು ಒಂದು ಕಥೆ. ಮಾತಿಗೆ ಮಾತು ಬೆಳೆದು ಖಾಲಿದ್ ಸಿಟ್ಟಿಗೆದ್ದು ಕೊಲ್ಲಿಸಿದರು ಅನ್ನುವುದು ಇನ್ನೊಂದು. ಅದಾದ ಮೇಲೆ ಖಾಲಿದ್ ಮಾಲಿಕ್‌ನ ವಿಧವೆಯನ್ನು ಮದುವೆಯಾದರು.

ಅಬೂ ಕತಾದಾ ಇನ್ನೆಂದೂ ಖಾಲಿದ್ ಕೈಕೆಳಗೆ ಇರುವುದಿಲ್ಲ ಅಂತ ಆಣೆ ಮಾಡಿ ಮದೀನಾಕ್ಕೆ ಬಂದುಬಿಟ್ಟರು. ಉಮರ್ ಕೆರಳಿದರು, ಖಾಲಿದ್‌ಗೆ ಶಿಕ್ಷೆ ಆಗಲೇಬೇಕು ಅಂದರು. ದೇವರು ಒರೆಯಿಂದ ಎಳೆದ ಕತ್ತಿಯನ್ನು ನಾನು ಒರೆಗೆ ಹಾಕಲಾರೆ ಅಂತ ಅಬೂಬಕರ್ ತಳ್ಳಿಹಾಕಿದರು. ಆದರೆ ಮಾಲಿಕ್ ಸಾವಿಗೆ ರಕ್ತಪರಿಹಾರ (ಸತ್ತವನ ಮನೆಯವರಿಗೆ ಕೊಡುವ ಪರಿಹಾರ) ಕೊಟ್ಟರು, ಸೆರೆಯವರನ್ನು ವಾಪಸ್ ಕಳಿಸಲು ಹೇಳಿದರು. ಈಗ ನೀವೇ ಹೇಳಿ. ಮಾಲಿಕ್ ಖಂಡಿತವಾಗಿ ಧರ್ಮ ಬಿಟ್ಟವನಾಗಿದ್ದರೆ ರಕ್ತಪರಿಹಾರ ಯಾಕೆ? ಬಿಟ್ಟಿರದಿದ್ದರೆ ಕೊಂದವರಿಗೆ ಶಿಕ್ಷೆ ಯಾಕಿಲ್ಲ? ಆ ಕಾಲದವರಿಗೇ ಬಗೆಹರಿಯದ ಪ್ರಶ್ನೆ ಇದು. ಸುನ್ನಿ ಮತ್ತು ಶಿಯಾ ವಿದ್ವಾಂಸರು ಇವತ್ತಿಗೂ ಇದರ ಮೇಲೆ ಕಿತ್ತಾಡುತ್ತಾರೆ. ಅದನ್ನು ನಾವು ಭಾನುವಾರದ ಪುರವಣಿಯಲ್ಲಿ ಒಂದೇ ಏಟಿಗೆ ಬಗೆಹರಿಸಿಬಿಟ್ಟೆವು!

ಮಾಲಿಕ್‌ನ ತಮ್ಮ ಮುತಮ್ಮಿಮ್ ಅಣ್ಣನ ಮೇಲೆ ಕಟ್ಟಿದ ಶೋಕಗೀತೆಗಳು ಅರಬಿ ಕಾವ್ಯದಲ್ಲಿ ತುಂಬಾ ಹೆಸರಾದವು. ಉಮರ್ ಅವನಿಂದ ಹಾಡಿಸಿ ಕೇಳಿದರಂತೆ. ಉಮರ್ ಅವರ ಅಣ್ಣ ಝೈದ್ ಕೂಡ ಅದೇ ಯುದ್ಧಗಳಲ್ಲಿ, ಯಮಾಮಾದಲ್ಲಿ, ಮದೀನಾ ಪರ ಹೋರಾಡಿ ಸತ್ತಿದ್ದರು. ನಿನ್ನ ಹಾಗೆ ನನಗೂ ನನ್ನ ಅಣ್ಣನ ಮೇಲೆ ಹಾಡು ಕಟ್ಟಲು ಬಂದಿದ್ದರೆ ಅಂದರು ಉಮರ್. ನನ್ನ ಅಣ್ಣ ನಿಮ್ಮ ಅಣ್ಣನ ಹಾಗೆ ಸತ್ತಿದ್ದರೆ ನಾನು ಅಳುತ್ತಲೇ ಇರಲಿಲ್ಲ ಅಂದ ಮುತಮ್ಮಿಮ್. ಇಷ್ಟು ಚೆನ್ನಾಗಿ ಯಾರೂ ನನ್ನನ್ನು ಸಮಾಧಾನ ಮಾಡಿರಲಿಲ್ಲ ಅಂತ ಉಮರ್ ಹೇಳಿದರು ಅನ್ನುತ್ತವೆ ವರದಿಗಳು.

ಯಮಾಮಾ ಯುದ್ಧದ ಬಗ್ಗೆ ನೀವು ಬರೆದಿದ್ದು ಹೆಚ್ಚೂಕಡಿಮೆ ಸರಿ ಇದೆ. ಅಕ್ರಬಾದ ಕಾಳಗ, ಗೋಡೆ ಕಟ್ಟಿದ ತೋಟದೊಳಗಿನ ಹತ್ಯಾಕಾಂಡ, ಉಹುದ್ ಯುದ್ಧದಲ್ಲಿ ಪ್ರವಾದಿಯ ಚಿಕ್ಕಪ್ಪ ಹಂಝಾರನ್ನು ಈಟಿಯಿಂದ ಕೊಂದಿದ್ದ ವಹ್ಶಿಯೇ ಮುಸೈಲಿಮಾನನ್ನೂ ಕೊಂದಿದ್ದು, ಎಲ್ಲ ಬಂದಿದೆ. ಕುರ್‌ಆನ್ ಬಾಯಿಪಾಠ ಬಲ್ಲವರು ಅಲ್ಲಿ ತುಂಬಾ ಜನ ಸತ್ತಿದ್ದರಿಂದ ಉಮರ್ ಒತ್ತಾಯಿಸಿ, ಝೈದ್ ಬಿನ್ ಸಾಬಿತ್ ಕೈಯಲ್ಲಿ ಕುರ್‌ಆನನ್ನು ಒಂದೆಡೆ ಬರೆಸಿ ಇಡುವ ಕೆಲಸ ಶುರುವಾಯಿತು ಎಂಬುದನ್ನು ಮಾತ್ರ ಬಿಟ್ಟಿದ್ದೀರಿ. ಇಡೀ ಯುದ್ಧದಿಂದ ಇವತ್ತಿನವರೆಗೂ ಉಳಿದು ಬಂದಿರುವ ಪರಿಣಾಮ ಅದೇ ಅಲ್ವಾ?

ಕೊನೆಗೆ ಮರಣದಂಡನೆ ವಿಷಯ. ಶಾಸ್ತ್ರಗ್ರಂಥ ಬರೆದ ಹಳೆಯ ವಿದ್ವಾಂಸರಲ್ಲಿ ಹೆಚ್ಚಿನವರು ಧರ್ಮ ಬಿಟ್ಟ ಗಂಡಸಿಗೆ ಮರಣದಂಡನೆ ಅಂತ ಹೇಳಿದ್ದು ನಿಜ. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಹೆಂಗಸಿಗೆ ಅದು ಅನ್ವಯಿಸುವುದಿಲ್ಲ ಅಂತ ಹನಫಿಗಳು (ಸುನ್ನಿ ಧರ್ಮಶಾಸ್ತ್ರದ ಒಂದು ಪಂಥದವರು) ಹೇಳಿದ್ದೂ ನಿಜ. ಆದರೆ ಅವರು ಮುಖ್ಯವಾಗಿ ಎತ್ತಿ ಹೇಳಿದ್ದು ಹದೀಸ್ ಮಾತುಗಳನ್ನು. ಈ ಯುದ್ಧಗಳ ಬಗ್ಗೆ ಬರೆಯುವಾಗ ಇನ್ನೊಂದು ಸುನ್ನಿ ಪಂಥದ ಮೂಲಪುರುಷ ಇಮಾಮ್ ಶಾಫಿಈ (ನಿಧನ 820) ಅವರೇ ಎದುರಾಳಿಗಳನ್ನು ಎರಡು ಗುಂಪು ಮಾಡುತ್ತಾರೆ. ಮುಸೈಲಿಮಾ, ತುಲೈಹಾ ಹಿಂದೆ ಹೋಗಿ ನಂಬಿಕೆ ಬಿಟ್ಟವರು ಒಂದು ಕಡೆ, ಇಸ್ಲಾಮಿನಲ್ಲೇ ಇದ್ದುಕೊಂಡು ಝಕಾತ್ ಹಿಡಿದಿಟ್ಟವರು ಇನ್ನೊಂದು ಕಡೆ. ಸಾವಿರದ ಇನ್ನೂರು ವರ್ಷದ ಹಿಂದೆಯೇ ಅವರಿಗೆ ಕಂಡ ವ್ಯತ್ಯಾಸ ನಮಗೆ ಕಾಣಬಾರದೇ?

ಮತ್ತೆ, ನಂಬಿಕೆ ಬಿಟ್ಟೇ ಬಿಟ್ಟಿದ್ದರು ಅಂತ ಎಲ್ಲರೂ ಒಪ್ಪುವ ಮುಖಂಡರ ಗತಿ ಏನಾಯಿತು? ತುಲೈಹಾ ಮತ್ತೆ ಇಸ್ಲಾಮಿಗೆ ಬಂದು ಕಾದಿಸಿಯಾ ಯುದ್ಧದಲ್ಲಿ ಪರ್ಷಿಯನ್ನರ ವಿರುದ್ಧ ಹೋರಾಡಿದ. ಉಯೈನಾನನ್ನು ಕೈ ಕಟ್ಟಿ ಮದೀನಾಕ್ಕೆ ತಂದರು, ಅಬೂಬಕರ್ ಕ್ಷಮಿಸಿದರು. ಹದ್ರಮೌತ್ ಕಡೆಯ ಕಿಂದಾ ಮುಖಂಡ ಅಶ್‌ಅಸ್ ಬಿನ್ ಕೈಸ್ ಕಥೆ ಇನ್ನೂ ಸ್ವಾರಸ್ಯ. ಅಲ್ಲಿ ಜಗಳ ಹತ್ತಿಕೊಂಡಿದ್ದು ಝಕಾತಿಗೆ ಹಿಡಿದ ಒಂದು ಒಂಟೆ ಮರಿಯ ವಿಷಯಕ್ಕೆ. ಅದನ್ನು ಬಿಡಿ, ಬೇರೆ ಕೊಡುತ್ತೇವೆ ಅಂದರೂ ವಸೂಲಿಗಾರ ಬಿಡಲಿಲ್ಲ. ಕೊನೆಗೆ ನುಜೈರ್ ಕೋಟೆಗೆ ಮುತ್ತಿಗೆ ಬಿತ್ತು. ಅಶ್‌ಅಸ್ ಹೊರಗೆ ಬಂದು 10 ಜನರ ಜೀವ ಉಳಿಸುವ ಒಪ್ಪಂದ ಮಾಡಿಕೊಂಡು ಪಟ್ಟಿ ಬರೆದ. ಗಡಿಬಿಡಿಯಲ್ಲಿ ತನ್ನ ಹೆಸರನ್ನೇ ಬಿಟ್ಟ! ಕಟ್ಟಿಹಾಕಿ ಮದೀನಾಕ್ಕೆ ಕಳಿಸಿದರು. ಅಬೂಬಕರ್ ಅವನನ್ನು ಬಿಟ್ಟಿದ್ದಷ್ಟೇ ಅಲ್ಲ, ತಮ್ಮ ತಂಗಿ ಉಮ್ಮು ಫರ್ವಾಳನ್ನು ಕೊಟ್ಟು ಮದುವೆ ಮಾಡಿದರು. ಕೋಟೆಯಲ್ಲಿದ್ದ ಸಾಮಾನ್ಯರಿಗೆ ಈ ಅದೃಷ್ಟ ಇರಲಿಲ್ಲ, ಗಂಡಸರನ್ನು ಕೊಂದರು, ಹೆಂಗಸರು ಮಕ್ಕಳನ್ನು ಸೆರೆ ಹಿಡಿದರು. ಯಾವ ಕಾಲದ ಯುದ್ಧವಾದರೂ ಮುಖಂಡರು ಹೇಗೋ ಪಾರಾಗುತ್ತಾರೆ, ಬಿಡಿ. ಈ ಯುದ್ಧಗಳಲ್ಲಿ ಸೆರೆ ಸಿಕ್ಕ ಅರಬರನ್ನು ಬಿಡಿಸಲು ವ್ಯವಸ್ಥೆ ಮಾಡಿದ್ದು ಉಮರ್, 634ರಲ್ಲಿ ಖಲೀಫ ಆದ ಮೇಲೆ. ಒಮ್ಮೆ ತಿರುಗಿಬಿದ್ದವರನ್ನು ಸೈನ್ಯಕ್ಕೆ ಸೇರಿಸಬಾರದು ಅಂತ ಅಬೂಬಕರ್ ಹಾಕಿದ್ದ ನಿರ್ಬಂಧ ತೆಗೆದದ್ದೂ ಅವರೇ.

ಇನ್ನೊಂದು ಸಣ್ಣ ವಿಷಯ. ಲೇಖನದ ಜೊತೆಗಿನ ನಕ್ಷೆಯಲ್ಲಿ ಯಮಾಮಾವನ್ನು ಯೆಮೆನ್ ಒಳಗೆ ತೋರಿಸಿದ್ದೀರಿ. ಯಮಾಮಾ ಇರುವುದು ಅರೇಬಿಯಾದ ನಡುಭಾಗದಲ್ಲಿ, ಈಗಿನ ರಿಯಾದ್ ಸುತ್ತಮುತ್ತ. ಅಕ್ರಬಾ ಕಾಳಗ ನಡೆದದ್ದು ಆ ನಗರದ ವಾಯವ್ಯಕ್ಕಿರುವ ಜುಬೈಲಾ ಹತ್ತಿರ. ನಮ್ಮ ಕರಾವಳಿಯ ಎಷ್ಟೋ ಜನ ರಿಯಾದ್‌ನಲ್ಲಿ ಕೆಲಸಕ್ಕಿದ್ದಾರೆ, ಯಾರಿಗೆ ಫೋನ್ ಮಾಡಿದ್ದರೂ ಊರು ಎಲ್ಲಿದೆ ಅಂತ ಹೇಳುತ್ತಿದ್ದರು. ಮುಂದಿನ ಕಂತು ಇರಾಕ್ ಮತ್ತು ಸಿರಿಯಾ ದಂಡಯಾತ್ರೆಗಳ ಬಗ್ಗೆ ಅಂತ ಹಾಕಿದ್ದೀರಿ. ಅದರಲ್ಲಾದರೂ ನಕ್ಷೆ ಸರಿಯಾಗಿ ಹಾಕಿ, ಮಾಲಿಕ್‌ಗೂ ನಾಲ್ಕು ಸಾಲು ಜಾಗ ಕೊಡಿ.

ಇತಿ,
ನಿಮ್ಮ ಓದುಗ
ಧಾರವಾಡ